ವೈನಿಯ ಟೊಂಕಕ್ಕೆ ವಾಜಬಿ ಖರ್ಚು

ಆ ದಿನ ನಮ್ಮ ವೈನಿ ಠಾಣಾ ಕುಶನೂರಿನಲ್ಲಿ ಒಬ್ಬ ಬಸುರಿಯ ಕುಬಸದ ಊಟ ಮುಗಿಸಿಕೊಂಡು, ಉಡಿ ತುಂಬಿದ ತೆಂಗಿನಕಾಯಿ ಕೈಯಲ್ಲಿ ಹಿಡಿದು, ರಸ್ತೆ ಬದಿಗೆ ಬಸ್ಸಿನ ದಾರಿ ನೋಡುತ್ತ ನಿಂತಿದ್ದರು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಾನು ಅರ್ಧ ಚಡ್ಡಿ ಹಾಕಿಕೊಂಡು ಸಾಲಿಗೆ ಹೋಗುವ ಕಾಲಕ್ಕೆ ನಮ್ಮ ಮನೆ ತುಂಬಿದವರು. ನನಗೆ ನಾಲ್ಕು ಮಾತು ನೆಟ್ಟಗೆ ಆಡಲು ಬರುತ್ತಿದ್ದರೆ ಅದು ನಮ್ಮ ಅಜ್ಜಿಯಿಂದ ಮತ್ತು ಇವರಿಂದ. ಅವರು ಹಾಗೆ ನಿಂತಿದ್ದಾಗ ಸೋಯಾಬೀನ್ ಚೀಲ ಹೇರಿಕೊಂಡಿದ್ದ ಒಂದು ಟೆಂಪೋ, ಹಿಂದೆ ಯಾರಿದ್ದಾರೆ ಅಂತ ನೋಡದೆ ಹಿಂದಕ್ಕೆ ಬಂತು. ಹಿಂಬದಿಯ ಪಟ್ಟಿ ವೈನಿಯ ಟೊಂಕಕ್ಕೆ ಬಡಿಯಿತು. ಬಿದ್ದವರು ಏಳಲಿಲ್ಲ.

ಅಲ್ಲಿದ್ದ ಮಂದಿ ಒಂದು ಜೀಪಿನಲ್ಲಿ ಮಲಗಿಸಿ ಔರಾದ ದವಾಖಾನೆಗೆ ಒಯ್ದರು. ನಾನು ಬೀದರದಲ್ಲಿ ಬಟ್ಟೆ ಹೊಲಿಯುವವನು. ಫೋನು ಬಂದಾಗ ಯಾರದೋ ಮದುವೆಯ ಕೋಟಿಗೆ ಗುಂಡಿಯ ಕಾಜು ಹಾಕುತ್ತಿದ್ದೆ. ಸೂಜಿ ಹಾಗೇ ಬಿಟ್ಟು ಎದ್ದು ಓಡಿದೆ. ಔರಾದ ಡಾಕ್ಟರು ಇಲ್ಲಿ ಆಗುವ ಕೆಲಸ ಅಲ್ಲ ಎಂದು ಬೀದರಕ್ಕೆ ಕಳಿಸಿದ್ದರು. ಬೀದರದ ಸರ್ಕಾರಿ ದವಾಖಾನೆಯ ಬಾಗಿಲಲ್ಲಿ ಆಂಬುಲೆನ್ಸಿನಿಂದ ಇಳಿಸುವಾಗ ವೈನಿ ನನ್ನ ಮುಖ ನೋಡಿ ಅಂದರು: "ಏನಾಗಿಲ್ಲ ತಮ್ಮಾ, ಉಳುಕೇದ. ನೀ ಊಟ ಮಾಡಿ ಬಂದಿಯೋ ಇಲ್ಲೋ?"

ಉಳುಕಿರಲಿಲ್ಲ. ತೊಡೆಯ ಎಲುಬು ಟೊಂಕದ ಕೀಲಿಗೆ ಸೇರುವ ಜಾಗದಲ್ಲೇ ಮುರಿದಿತ್ತು. ಅಲ್ಲಿಯ ಡಾಕ್ಟರು ಒಳ್ಳೆಯ ಮನುಷ್ಯ. ಅಣ್ಣನನ್ನು ಬದಿಗೆ ಕರೆದು ಹೇಳಿದರು: "ನೋಡ್ರಿ, ಇಂಥಾ ಮುರಿತಕ್ಕ ಲಗೂನೆ ಆಪರೇಷನ್ ಆಗ್ಬೇಕು. ಇಲ್ಲಿ ಸರದಿ ಬರೋತನಕ ಕಾದ್ರ ಕೀಲಿನ ಗುಂಡು ಅದಲ್ಲ, ಅದಕ್ಕ ರಕ್ತ ಹೋಗೋದು ನಿಂದರ್ತದ. ನಿಮ್ಮ ಕೈಲಾದ್ರ ಹೊರಗ ಮಾಡಿಸ್ಕೊರಿ." ಬಾಯಿಂದ ಹೇಳಿದರು. ನಾವೂ ಬರೆದುಕೊಡಿ ಅಂತ ಕೇಳಲಿಲ್ಲ. ಅಂಥಾ ಹೊತ್ತಿನಲ್ಲಿ ಯಾರು ಕೇಳುತ್ತಾರೆ?

ಖಾಸಗಿ ದವಾಖಾನೆಯಲ್ಲಿ ಸ್ಕ್ರೂ ಹಾಕಿ ಎಲುಬು ಜೋಡಿಸಿದರು. ಅಣ್ಣನದು ಭಾಲ್ಕಿಯಲ್ಲಿ ಪಂಕ್ಚರ್ ಅಂಗಡಿ, ನನ್ನದು ಎರಡು ಮಿಷನ್ನಿನ ಅಂಗಡಿ. ನಮ್ಮಿಬ್ಬರಲ್ಲಿ ಇದ್ದದ್ದೆಲ್ಲ ಆ ಒಂದು ಆಪರೇಷನ್ನಿಗೆ ಕರಗಿತು. ಕರಗಿದರೆ ಕರಗಲಿ ಅಂದುಕೊಂಡೆವು. ಆದರೆ ಆ ಸರ್ಕಾರಿ ಡಾಕ್ಟರು ಹೆದರಿದ್ದೇ ಆಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಕೀಲಿನ ಗುಂಡು ಒಳಗೇ ಒಣಗಿ ಕುಸಿಯತೊಡಗಿತ್ತು. ಕಾಲು ಗಿಡ್ಡವಾಯಿತು. ನಾನು ವೈನಿಗೆ ಹೊಲಿಯುವ ಲಂಗದ ಅಂಚನ್ನು ಒಂದು ಬದಿಗೆ ಮೇಲಕ್ಕೆ ಮಡಿಸಿ ಹೊಲಿಯತೊಡಗಿದೆ, ಇಲ್ಲದಿದ್ದರೆ ನೆಲಕ್ಕೆ ತಾಗಿ ಕಾಲಿಗೆ ತೊಡರುತ್ತಿತ್ತು. ಆಪರೇಷನ್ ಮಾಡಿದ ಡಾಕ್ಟರು ಎಕ್ಸರೆ ಬೆಳಕಿಗೆ ಹಿಡಿದು, ಇಡೀ ಕೀಲು ಬದಲಿಸದೆ ಬೇರೆ ದಾರಿ ಇಲ್ಲ ಅಂದರು. ಬದಲಿಸದಿದ್ದರೆ ಮೊದಲು ವಾಕರ್, ಆಮೇಲೆ ಹಾಸಿಗೆ.

ಆ ಎರಡನೇ ಆಪರೇಷನ್ನಿಗೆ ನಮ್ಮ ಹತ್ತಿರ ಇದ್ದದ್ದು ಒಂದೇ ದಾರಿ. ಟೆಂಪೋದ ವಿಮಾ ಕಂಪನಿಯ ಮೇಲೆ ಭಾಲ್ಕಿ ಕೋರ್ಟಿನಲ್ಲಿ ಹಾಕಿದ್ದ ಪರಿಹಾರದ ಕೇಸು.

ನಮ್ಮ ವಕೀಲರು ಭಾಲ್ಕಿಯವರೇ, ಹಳೆಯ ಮನುಷ್ಯ. ಅರ್ಧ ಮಾತು ಕನ್ನಡ, ಅರ್ಧ ಉರ್ದು. ಸಾಕ್ಷಿಗೆ ಮುಂಚೆ ಒಂದು ದಿನ ನಮ್ಮನ್ನು ಕೂಡಿಸಿಕೊಂಡು ಹೇಳಿದರು: "ನೋಡ್ರಿ, ಕೋರ್ಟು ಎರಡೇ ಮಾತು ಕೇಳ್ತದ. ಈ ಖರ್ಚು ಈ ಪೆಟ್ಟಿನಿಂದಲೇ ಬಂತೇನು? ಬಂದಿದ್ರ, ವಾಜಬಿ ಅದ ಏನು? ವಾಜಬಿ ಅಂದ್ರ, ಬುದ್ಧಿ ಇದ್ದ ಮನುಷ್ಯ ಅಂಥಾ ಹೊತ್ತಿನಾಗ ಅಷ್ಟು ಖರ್ಚು ಮಾಡ್ತಿದ್ನೋ ಇಲ್ಲೋ ಅಂತ."

"ಅಂಥಾ ಹೊತ್ತಿನಾಗ ಬುದ್ಧಿ ಯಾರಿಗಿರ್ತದ್ರಿ ವಕೀಲ ಸಾಹೇಬ್ರ?" ಅಂದ ಅಣ್ಣ. ಅವನು ಮಾತಾಡುವುದೇ ಕಮ್ಮಿ.

"ಅದಕ್ಕೇ ಬಿಲ್ಲು ಕೇಳ್ತಾರ. ದವಾಖಾನಿದು, ಔಷಧಿದು, ಜೀಪಿಂದು, ಹಣ್ಣು ಹಾಲಿಂದು..."

ವೈನಿ ಸೆರಗಿನ ಮರೆಯಲ್ಲಿ ನಕ್ಕರು. "ಮೋಸಂಬಿಗೂ ಚೀಟಿ ಬೇಕೇನ್ರಿ? ಗಾಡಿಯವ ಚೀಟಿ ಎಲ್ಲಿ ಕೊಡ್ತಾನ್ರಿ. ಮೊದಲೇ ಹೇಳಿದ್ರ ಸಿಪ್ಪಿ ಆದ್ರೂ ಒಣಗಿಸಿ ಇಡ್ತಿದ್ದೆ."

ವಕೀಲರೂ ನಕ್ಕರು. ಆಮೇಲೆ ಗಂಭೀರವಾದರು. "ತಾಯಿ, ಆಗಿಹೋದ ಖರ್ಚಿಗಿ ಬಿಲ್ಲು ಮಾತಾಡ್ತಾವ. ಆಗಬೇಕಾದ ಆಪರೇಷನ್ನಿಗಿ ಬಿಲ್ಲು ಎಲ್ಲಿಂದ ಬರಬೇಕು? ಅದು ಜರೂರ ಅದ ಅಂತ ಡಾಕ್ಟರು ಹೇಳಬೇಕು, ನಿಮ್ಮನ್ನ ನೋಡಿದವರಿಗಿ ಅದು ಖರೆ ಅನಸಬೇಕು. ಸಾಕ್ಷಿ ಹೇಳೋ ದಿನ ನಿಮ್ಮ ತಕ್ಲೀಫ್ ಏನದ ಅದು ಕಾಣಲಿ."

ವೈನಿ ಹೂಂ ಅಂದರು. ಸೊಸೆ ಮಾವನಿಗೆ ಹೂಂ ಅಂದಂತೆ.

ಸಾಕ್ಷಿಯ ತಾರೀಖು ಬಂತು. ನಾನು ಬೀದರದಿಂದ ಬೆಳಗಿನ ಬಸ್ಸಿಗೆ ಹೋದೆ. ಅಣ್ಣ ವೈನಿಯನ್ನು ಆಟೋದಲ್ಲಿ ಕರೆತಂದಿದ್ದ. ಆಗಲೇ ಕೈಗೆ ಬಂದಿದ್ದ ವಾಕರ್ ಸಮೇತ ಕೋರ್ಟಿನ ಮೆಟ್ಟಿಲು ಹತ್ತಿಸಿ ವರಾಂಡದ ಬೆಂಚಿನ ಮೇಲೆ ಕೂಡಿಸಿದೆವು. ಅಷ್ಟರಲ್ಲಿ ವಕೀಲರು ಎಕ್ಸರೆ ವರದಿಯ ಇನ್ನೊಂದು ಜೆರಾಕ್ಸ್ ಬೇಕೆಂದರು. ನಾನು ರಸ್ತೆ ದಾಟಿ ಹೋದೆ. ಅಣ್ಣ ಆಟೋದವನನ್ನು ಕಳಿಸಿಬರಲು ಕೆಳಗಿಳಿದ. ಆ ಗಳಿಗೆಯಲ್ಲೇ ವೈನಿಯ ಹೆಸರು ಕೂಗಿದ್ದಾರೆ.

ನಾನು ತಿರುಗಿ ಬಂದಾಗ ಬೆಂಚು ಖಾಲಿ ಇತ್ತು. ಕೋರ್ಟು ಹಾಲಿನ ಬಾಗಿಲ ಬದಿಗೆ, ಗೋಡೆಗೆ ಒತ್ತಿ, ವೈನಿಯ ವಾಕರ್ ನಿಂತಿತ್ತು. ಅದರ ನಾಲ್ಕು ಕಾಲಿನ ನಡುವೆ ಅವರ ಚಪ್ಪಲಿ ಜೋಡಿಸಿಟ್ಟಂತೆ ಇದ್ದವು. ಒಳಗೆ ಹೋದವರೆಲ್ಲ ಚಪ್ಪಲಿ ಬೂಟು ಮೆಟ್ಟಿಕೊಂಡೇ ಹೋಗಿದ್ದರು. ಬಿಟ್ಟದ್ದು ಇವರದೊಂದೇ ಜೋಡಿ.

ಇದನ್ನು ಬೇರೆ ಕಡೆಯವರಿಗೆ ಬಿಡಿಸಿ ಹೇಳಬೇಕು. ವೈನಿಯ ತವರು ಔರಾದ ತಾಲೂಕಿನ ಚಿಂತಾಕಿ. ಅವರಪ್ಪನ ಮನೆಯಲ್ಲಿ ದೊಡ್ಡವರ ಮುಂದೆ ಕೋಲು ಹಿಡಿದು ನಿಲ್ಲುವ ಪದ್ಧತಿ ಇಲ್ಲ. ಮಠಕ್ಕೆ ಹೋಗಲಿ, ಪಂಚರ ಕಟ್ಟೆಗೆ ಹೋಗಲಿ, ಬೀಗರ ಪಡಸಾಲೆಗೆ ಹೋಗಲಿ, ಚಪ್ಪಲಿ ಬಿಟ್ಟ ಜಾಗದಲ್ಲೇ ಕೋಲನ್ನೂ ಬಿಡಬೇಕು. ಮೊಣಕಾಲು ಹಿಡಿದುಕೊಂಡಿದ್ದ ಆ ಮುದುಕ ಮಠದ ಹೊಸ್ತಿಲಲ್ಲಿ ಕೋಲು ಇಟ್ಟು ಗೋಡೆ ಹಿಡಿದು ತೆವಳಿದ ಹಾಗೆ ಒಳಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ಆ ಅಪ್ಪನ ಮಗಳು ಇವರು. ಎತ್ತರದಲ್ಲಿ ಕುಳಿತ ಜಡ್ಜ್ ಸಾಹೇಬರ ಮುಂದೆ ಕಬ್ಬಿಣದ ಕೋಲು ಬಡಿಯುತ್ತ ಹೋಗುವುದು ಅವರ ಮನಸ್ಸಿಗೇ ಬಂದಿಲ್ಲ.

ನಾನು ಬಾಗಿಲಲ್ಲಿ ಇಣುಕಿದಾಗ ವೈನಿ ಹಾಲಿನ ನಡುವೆ ಇದ್ದರು. ಬರಿಗಾಲು. ಸೆರಗು ತಲೆಯ ಮೇಲೆ. ಬೆಂಚುಗಳ ಬೆನ್ನನ್ನು ಕಂಡೂ ಕಾಣದ ಹಾಗೆ ಬೆರಳಿನ ತುದಿಯಿಂದ ಮುಟ್ಟುತ್ತ, ಗಿಡ್ಡ ಕಾಲನ್ನು ಮೊದಲು ಇಟ್ಟು, ಅದರ ಮೇಲೆ ಭಾರ ಬಿದ್ದ ಕೂಡಲೇ ಇನ್ನೊಂದನ್ನು ಎಳೆದುಕೊಂಡು, ನೆಟ್ಟಗೆ ನಡೆದರು. ಮಗ್ಗುಲಿನಿಂದ ಕಂಡಷ್ಟು ಮುಖದ ಮೇಲೆ ನಗು ಇತ್ತು, ಬಂದ ಬೀಗರಿಗೆ ನೀರು ಕೊಡುವಾಗಿನ ನಗು. ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಹಿಂದಿನಿಂದ ಕಂಡಿತು. ಮುಂದೆ ಕುಳಿತವರಿಗೆ ನಗು ಮಾತ್ರ ಕಂಡಿತು. ನಾನು ಕೂಗುವಂತಿರಲಿಲ್ಲ. ವಾಕರ್ ಎತ್ತಿಕೊಂಡು ಒಳಗೆ ನುಗ್ಗಲು ಹೋದೆ. ಬಾಗಿಲ ಕಾಯುವವನು ತಡೆದು, "ಸಾಕ್ಷಿ ನಡೆದದ, ಸುಮ್ಮನ ನಿಂದರ್ರಿ" ಅಂದ.

ಜಡ್ಜ್ ಸಾಹೇಬರು ಒಳ್ಳೆಯವರು, ಕುರ್ಚಿ ಕೊಡಿ ಎಂದರು. ವೈನಿ ಕೈ ಮುಗಿದು, "ಬ್ಯಾಡ್ರಿ ಸಾಹೇಬ್ರ, ನಿಂತೇ ಹೇಳ್ತೇನ್ರಿ" ಅಂದರು.

ಕಂಪನಿಯ ವಕೀಲ ಹರೆಯದವನು, ನಯವಾದ ಮಾತಿನವನು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕೆಲಸ ಅದು.

"ಅಕ್ಕಾರ, ಸರ್ಕಾರಿ ದವಾಖಾನಿಯಾಗ ಪುಕ್ಕಟೆ ಆಗ್ತಿತ್ತು. ಖಾಸಗಿಗಿ ಯಾಕ ಹೋದ್ರಿ?"

"ಅಲ್ಲಿ ಡಾಕ್ಟರೇ ಹೇಳಿದ್ರಿ."

"ಬರೆದು ಕೊಟ್ಟಾರೇನ್ರಿ?"

"ಬಾಯಿಲೆ ಹೇಳಿದ್ರಿ. ಪಾಪ, ಭಾಳ ಛಲೋ ಮನುಷ್ಯಾರಿ."

"ಇರಲಿ ಬಿಡ್ರಿ. ಈಗ ಬಾಗಲದಿಂದ ಇಲ್ಲಿತನಕ ನೀವೊಬ್ಬರೇ, ಯಾವ ಆಸರೆ ಇಲ್ಲದ, ನಡಕೋತ ಬಂದ್ರಿ. ಖರೆ ಅಲ್ರಿ?"

"ಹೌದ್ರಿ."

"ಕುಂದರ್ರಿ ಅಂದ್ರೂ ಕುಂದರಲಿಲ್ಲ."

"ದೊಡ್ಡವರ ಮುಂದ ಹ್ಯಾಂಗ ಕುಂದರಬೇಕ್ರಿ?"

"ಮನಿಯಾಗ ಅಡಗಿ ಯಾರು ಮಾಡ್ತಾರ್ರಿ?"

"ನಾ ಮಾಡದಿದ್ರ ನಿಮ್ಮನ್ನ ಕರೀಲೇನ್ರಿ?"

ಹಾಲಿನಲ್ಲಿ ನಗೆ ಎದ್ದಿತು. ಜಡ್ಜ್ ಸಾಹೇಬರೂ ತುಟಿ ಬಿಗಿಹಿಡಿದರು. ಆ ನಗೆಯ ಹಿಂದೆಯೇ ಟೈಪು ಮಾಡುವವನ ಬೆರಳು ಓಡಿದವು: ಆಸರೆಯಿಲ್ಲದೆ ನಡೆಯುತ್ತೇನೆ ಎಂಬುದು ನಿಜ. ಮನೆಯ ಅಡುಗೆ ನಾನೇ ಮಾಡುತ್ತೇನೆ ಎಂಬುದು ನಿಜ. ವೈನಿ ಹೇಳಿದ್ದೆಲ್ಲ ನಿಜವೇ ಇತ್ತು.

ನಮ್ಮ ವಕೀಲರು ಫೈಲಿನಲ್ಲಿ ತಲೆ ಹುದುಗಿಸಿದ್ದವರು ತಡವಾಗಿ ಎಚ್ಚರಾದರು. ಎದ್ದು ನಿಂತು, "ನಿಮ್ಮ ವಾಕರ್ ಎಲ್ಲಿ ಅದ ತಾಯಿ?" ಎಂದು ಕೇಳಿದರು. "ಹೊರಗ ಬಿಟ್ಟೀನ್ರಿ," ಅಂದರು ವೈನಿ. ಅದನ್ನೂ ಬರೆದರು. ವಾಕರ್ ಅನ್ನು ಸ್ವಇಚ್ಛೆಯಿಂದ ಹೊರಗೆ ಬಿಟ್ಟು ಬಂದಿರುತ್ತೇನೆ.

ಹೊರಗೆ ಬೇವಿನ ಗಿಡದ ಕೆಳಗೆ ವಕೀಲರು ತಲೆ ಮೇಲೆ ಕೈ ಇಟ್ಟುಕೊಂಡರು. "ತಾಯೀ, ನಿಮ್ಮ ಮರ್ಯಾದಿ ನಿಮ್ಮ ಟೊಂಕ ತಿಂದು ಹಾಕಿತಲ್ರಿ! ಇನ್ನ ಆಪರೇಷನ್ ಜರೂರ ಅದ ಅಂತ ನಾ ಯಾವ ಬಾಯಿಲೆ ಹೇಳಲಿ?"

ವೈನಿಗೆ ಆಗ ತಿಳಿಯಿತು. ಮುಖ ಬಿಳಿಚಿತು. ಅಣ್ಣ ಅವರ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಮೆಲ್ಲಗೆ ಕೇಳಿದ: "ನೋವು ಆಗಲಿಲ್ಲೇನು?"

"ಆಯ್ತು."

"ಎಷ್ಟು?"

"ಎಷ್ಟಂದ್ರ ಏನು ಹೇಳಲಿ? ಕಣ್ಣಿಗಿ ಕತ್ತಲಿ ಬಂತು. ಅದನ್ನ ನಾಲ್ಕು ಮಂದಿ ಮುಂದ ಹರವಿ ತೋರಿಸಲೇನು?"

ಅಣ್ಣ ತಲೆ ತಗ್ಗಿಸಿ ಅವರ ಚಪ್ಪಲಿಯ ಪಟ್ಟಿ ಹಾಕಿದ.

ಆಮೇಲೆ ಆಪರೇಷನ್ ಮಾಡಿದ ಡಾಕ್ಟರು ಬಂದು ಸಾಕ್ಷಿ ಹೇಳಿದರು. ಕೀಲು ಕುಸಿದದ್ದು ಎಕ್ಸರೆಯಲ್ಲಿ ಇದೆ ಅಂದರು. ಕಂಪನಿಯ ವಕೀಲ, "ಆಸರೆ ಇಲ್ಲದೆ ನಡೆಯುವವರಿಗೆ ಇಷ್ಟು ದೊಡ್ಡ ಆಪರೇಷನ್ ಯಾಕೆ? ನಿಮ್ಮ ದವಾಖಾನೆಯ ಅಂದಾಜು, ನಿಮ್ಮದೇ ಲಾಭ ಅಲ್ಲವೆ?" ಅಂದ. ಡಾಕ್ಟರಿಗೂ ಮುಖ ಕೆಂಪಾಯಿತು. ಕಡೆಗೆ ನಮ್ಮ ವಕೀಲರು ಒಂದು ಅರ್ಜಿ ಹಾಕಿ, ಬೀದರದಲ್ಲಿ ಸರ್ಕಾರದ ಡಾಕ್ಟರುಗಳೇ ಕೂಡಿ ಕುಳಿತು ವೈನಿಯನ್ನು ನೋಡಿ ಹೇಳಲಿ ಎಂದು ಕೇಳಿಕೊಂಡರು. ಕೋರ್ಟು ಒಪ್ಪಿತು. "ಇದು ಕಡೇ ದಾರಿ," ಅಂದರು ವಕೀಲರು. "ಅವತ್ತೊಂದು ದಿನ ನಾಚಿಕಿ ಶರಮ್ ಮನಿಯಾಗ ಬಿಟ್ಟು ಹೋಗ್ರಿ ತಾಯಿ."

ಡಾಕ್ಟರುಗಳು ನೋಡುವ ಹಿಂದಿನ ದಿನವೇ ನಾನು ಭಾಲ್ಕಿಗೆ ಹೋಗಿದ್ದೆ. ಬೆಳಿಗ್ಗೆ ಬೀದರದ ಬಸ್ಸಿನಲ್ಲಿ ವೈನಿಯನ್ನು ಕಿಟಕಿ ಬದಿಗೆ ಕೂಡಿಸಿ, ನಾನು ಪಕ್ಕದಲ್ಲಿ ಕುಳಿತು ಪಾಠ ಶುರು ಮಾಡಿದೆ.

"ವೈನಿ, ಒಮ್ಮಿ ನರಳ್ರಿ ನೋಡೋಣ."

"ಈಗ? ಬಸ್ಸಿನಾಗ?"

"ರೂಢಿ ಆಗ್ಲಿ ಅಂತ್ರಿ."

ಅತ್ತ ಇತ್ತ ನೋಡಿ ವೈನಿ ಅಂದರು: "ಅಯ್ಯಯ್ಯ."

"ಅದು ಹಾಲು ಉಕ್ಕಿದಾಗ ಅಂತೀರಿ ನೀವು. ನೋವಿನ ದನಿ ಬೇಕ್ರಿ."

"ಅವ್ವಾ..." ಅಂದರು. ಮುಂದಿನ ಸೀಟಿನ ಮುದುಕಿ ತಿರುಗಿ, "ಏನ್ ಬೇ ತಂಗಿ?" ಎಂದು ಕೇಳಿತು. ವೈನಿ ನಾಚಿ, "ಏನಿಲ್ಲ ಅಜ್ಜೀ, ನಮ್ಮವ್ವ ನೆನಪಾದ್ಳು" ಅಂದುಬಿಟ್ಟರು.

ಹಿಂದಿನ ಸೀಟಿನಿಂದ ಅಣ್ಣ ಗದರಿದ: "ಸುಮ್ಮನಿರೋ. ಆಕಿ ಕಡಿಂದ ಸುಳ್ಳು ಹೇಳಸ್ಲಕತ್ತೀ?"

"ಸುಳ್ಳಲ್ಲೋ ಅಣ್ಣಾ. ಇದ್ದ ನೋವು ಹೇಳಸ್ಲಕತ್ತೀನಿ."

ಹಲಬರ್ಗಾ ದಾಟುವ ತನಕ ಮೂವರೂ ನಕ್ಕೆವು. ಆಮೇಲೆ ಯಾರಿಗೂ ನಗು ಬರಲಿಲ್ಲ. ವೈನಿ ಹೊರಗಿನ ತೊಗರಿ ಹೊಲ ನೋಡುತ್ತ, "ನನಗ ಬರಂಗಿಲ್ಲ ತಮ್ಮಾ. ಇದೊಂದು ವಿದ್ಯಾ ನನಗ ಯಾರೂ ಕಲಿಸಿಲ್ಲ," ಅಂದರು. ಇವತ್ತೂ ಇವರು ನಗುತ್ತ ಕೈ ಮುಗಿದರೆ ಎಲ್ಲ ಮುಗಿಯಿತು.

ಬೀದರದ ದವಾಖಾನೆಯಲ್ಲಿ ಒಳಗೆ ವೈನಿಯನ್ನು ಮಾತ್ರ ಬಿಟ್ಟರು, ನರ್ಸಮ್ಮ ವಾಕರ್ ಸಮೇತ ಕರೆದುಕೊಂಡು ಹೋದಳು. ನಾನು, ಅಣ್ಣ ಹೊರಗೆ ನಿಂತೆವು. ಬಾಗಿಲ ಸಂದಿಯಿಂದ ಮಾತು ಕೇಳುತ್ತಿತ್ತು. ನಡೆದು ತೋರಿಸಿ ಅಂತ ಅವರು ಕೇಳಲೇ ಇಲ್ಲ. ಒಬ್ಬ ಡಾಕ್ಟರಮ್ಮ, "ಮಲಗ್ರಿ ಅಮ್ಮಾ. ಕಾಲು ಸ್ವಲ್ಪ ಮಡಚಿ ಒಳಗ ತಿರಗಸ್ತೀನಿ, ಹೆದರಬ್ಯಾಡ್ರಿ" ಅಂದರು.

ವೈನಿ, "ನಿಮಗ ತಕ್ಲೀಫ್ ಕೊಡ್ಲಕತ್ತೀನ್ರಿ" ಅನ್ನುವುದು ಕೇಳಿತು.

ಆಮೇಲೆ ಬಂದದ್ದು ವೈನಿಯ ದನಿ ಅಂತ ನನಗೆ ಮೊದಲು ತಿಳಿಯಲಿಲ್ಲ. ಮನುಷ್ಯರ ದನಿ ಅಂತಲೂ ಅನಿಸಲಿಲ್ಲ. ಅದು ಒಂದೇ ಸಲ ಏರಿ, ನಡುವೆ ಹರಿದು, ಮತ್ತೆ ಏರಿತು. ವರಾಂಡದಲ್ಲಿ ಚೀಟಿ ಹಿಡಿದು ನಿಂತಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಅಣ್ಣ ಗೋಡೆಯ ಕಡೆಗೆ ಮುಖ ಮಾಡಿ ನಿಂತುಬಿಟ್ಟ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಮನುಷ್ಯ, ಹೆಂಡತಿಗೆ ಎಷ್ಟು ನೋಯುತ್ತದೆ ಅಂತ ಆ ಗೋಡೆಯ ಮುಂದೆ ಮೊದಲ ಸಲ ತಿಳಿದುಕೊಂಡ.

ಹೊರಗೆ ಬಂದಾಗ ವೈನಿಯ ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ತಮ್ಮಾ, ಹೊರಗ ಕೇಳಿಸ್ತೇನು?"

"ಇಲ್ರಿ ವೈನಿ. ಬಾಗಲ ಭಾಳ ದಪ್ಪ ಅದ."

ಅಷ್ಟೂ ಮಂದಿ ನಮ್ಮನ್ನೇ ನೋಡುತ್ತಿದ್ದರು. ವೈನಿ ನೆಲ ನೋಡುತ್ತ ನಡೆದರು.

ಡಾಕ್ಟರುಗಳು ಆಪರೇಷನ್ ಬೇಕೇ ಬೇಕು ಅಂತ ಬರೆದರು. ತೀರ್ಪು ಬಂದ ದಿನ ವಕೀಲರು ಫೋನು ಮಾಡಿ, ಉಸಿರು ತೆಗೆದುಕೊಳ್ಳದೆ ಹೇಳಿದರು. ಖಾಸಗಿಗೆ ಹೋದದ್ದು ವಾಜಬಿ. ಡಾಕ್ಟರ ಚೀಟಿ ಇಲ್ಲದ ಔಷಧಿ ಬಿಲ್ಲು ತೆಗೆದುಹಾಕಿದ್ದಾರೆ. ಜೀಪು, ಮೋಸಂಬಿ, ಮನೆಯಲ್ಲಿ ಹಗಲು ರಾತ್ರಿ ನೋಡಿಕೊಂಡವರ ಕೂಲಿ, ಎಲ್ಲಕ್ಕೂ ಕೂಡಿಸಿ ಒಂದಿಷ್ಟು. ಮುಂದಿನ ಆಪರೇಷನ್, ವಾಜಬಿ. ಅಣ್ಣ ಅಂಗಡಿ ಮುಚ್ಚಿ ಮನೆಗೆ ಓಡಿದ. ವೈನಿ ಗೋದಿ ಹುಗ್ಗಿ ಮಾಡಲು ಎದ್ದರಂತೆ; ಅವನು ಕೈ ಹಿಡಿದು ಕೂಡಿಸಿ ತಾನೇ ಮಾಡಿ, ತಳ ಹತ್ತಿಸಿದನಂತೆ.

ಆ ಸೀದ ಹುಗ್ಗಿಯ ಸಂತೋಷ ಬಹಳ ದಿನ ಬಾಳಲಿಲ್ಲ. ಕಂಪನಿಯವರು ಕಲಬುರಗಿಯ ಮೇಲಿನ ಕೋರ್ಟಿಗೆ ಹೋದರು. ಉಳಿದದ್ದಕ್ಕೆ ತಕರಾರಿಲ್ಲ, ಮುಂದಿನ ಆಪರೇಷನ್ನಿನ ಹಣ ಮಾತ್ರ ಕೊಡುವುದಿಲ್ಲ ಅಂದರು. ಅದಕ್ಕೆ ಅವರು ತೋರಿಸಿದ್ದು ವೈನಿಯ ಬಾಯಿಂದ ಬಂದ ಅದೇ ಸಾಲು: ಆಸರೆಯಿಲ್ಲದೆ ನಡೆಯುತ್ತೇನೆ ಎಂಬುದು ನಿಜ. ಆ ಹಣಕ್ಕೆ ತಡೆ ಬಿತ್ತು. ಸರ್ಕಾರದ ಆರೋಗ್ಯ ಕಾರ್ಡಿನ ಮೇಲೆ ಮಾಡಿಸೋಣ ಅಂತ ಹೆಸರು ಬರೆಸಿದ್ದೇವೆ. ಅಲ್ಲಿ ಸರದಿ ಉದ್ದ ಇದೆ, ಒಮ್ಮೆ ಸ್ಕ್ರೂ ಹಾಕಿದ ಕೀಲು ಬೇರೆ, ಅದಕ್ಕೆ ದೊಡ್ಡ ಊರಿನ ದವಾಖಾನೆಯೇ ಆಗಬೇಕಂತೆ. ನಾನು ವಕೀಲರನ್ನು ಕೇಳಿದೆ, ಕಾರ್ಡಿನ ಮೇಲೆ ಪುಕ್ಕಟೆ ಆದರೆ ಕೇಸಿನ ಗತಿ ಏನು ಅಂತ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಅಂದರು: "ಪುಕ್ಕಟೆ ಆದ್ರ ಖರ್ಚೇ ಆಗಿಲ್ಲ ಅಂತಾರ. ಮಾಡಿಸ್ದೇ ಕುಂತ್ರ ಜರೂರೇ ಇಲ್ಲ ಅಂತಾರ. ಆದ್ರೂ ಸರದಿ ಬಂದ್ರ ಮಾಡಿಸ್ರಿ. ಕೇಸು ಹಾಳಾಗಿ ಹೋಗ್ಲಿ." ಸರದಿ ಬಂದಿಲ್ಲ. ಈಚೆಗೆ ತೆಗೆದ ಎಕ್ಸರೆ ನೋಡಿ ಬೀದರದ ಡಾಕ್ಟರು, ಗುಂಡು ಇನ್ನೂ ಕೆಳಗೆ ಇಳಿದಿದೆ, ತಡ ಆದಷ್ಟೂ ಆಪರೇಷನ್ ದೊಡ್ಡದಾಗುತ್ತದೆ ಅಂದಿದ್ದಾರೆ. ಕೋರ್ಟು ವಾಜಬಿ ಅಂದ ಖರ್ಚು ಆಗ ಸಾಲುವುದೂ ಇಲ್ಲ. ಹೆಚ್ಚಿನದ್ದನ್ನು ವಾಜಬಿ ಅನ್ನಲು ಮತ್ತೆ ಯಾರ ಬಾಗಿಲಿಗೆ ಹೋಗುವುದು, ನಮಗೆ ತಿಳಿದಿಲ್ಲ.

ನಾನು ರವಿವಾರ ಅಂಗಡಿ ಮುಚ್ಚಿ ಭಾಲ್ಕಿಗೆ ಹೋಗುತ್ತೇನೆ. ಈಗ ವೈನಿ ಒಳಕೋಣೆಯ ಮಂಚದ ಮೇಲೇ ಇರುತ್ತಾರೆ. ಆ ದಿನ ದವಾಖಾನೆಯಲ್ಲಿ ಬಿಟ್ಟ ದನಿ ಮತ್ತೆ ಒಳಗೆ ಹೋಗಿಲ್ಲ. ಮಗ್ಗುಲು ಹೊರಳಿದರೆ ಬರುತ್ತದೆ, ಕಾಲು ಇಳಿಸಿದರೆ ಬರುತ್ತದೆ. ಅಣ್ಣ ಆ ಸಪ್ಪಳಕ್ಕೆ ಎದ್ದು ಹೋಗಿ ಮಂಚದ ಬದಿಗೆ ನಿಲ್ಲುತ್ತಾನೆ, ಮಾಡಲು ಏನೂ ಇಲ್ಲದೆ ದಿಂಬು ಸರಿ ಮಾಡಿ ತಿರುಗಿ ಬರುತ್ತಾನೆ.

ಮೊನ್ನೆ ಮಧ್ಯಾಹ್ನ ಊಟ ಆದ ಮೇಲೆ ವೈನಿ ಒಳಗಿನಿಂದ ಕರೆದರು. "ತಮ್ಮಾ, ಇಲ್ಲಿ ಬಂದು ಕುಂದ್ರು. ಏನರ ಮಾತಾಡು. ದೊಡ್ಡ ದನಿಲೆ ಮಾತಾಡು."

"ಯಾಕ್ರಿ ವೈನಿ?"

"ನನ್ನ ದನಿ ನನಗ ಕೇಳಬಾರದು ನೋಡು, ಅದಕ್ಕ."

ನಾನು ಮಂಚದ ಬದಿಗೆ ಕುಳಿತು, ನಮ್ಮ ಅಂಗಡಿಗೆ ಬಂದ ಒಬ್ಬ ಮದುವೆ ಗಂಡಿನ ಸುದ್ದಿ ತೆಗೆದೆ. ಕೋಟು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದ. ಮದುವೆಯ ದಿನ ಗುಂಡಿ ಹತ್ತಲಿಲ್ಲ. ಬೀಗರು, ವಾದ್ಯದವರು, ಎಲ್ಲ ಕಾಯುತ್ತಿದ್ದಾರೆ. ನನಗೆ ಫೋನು ಬಂತು.

"ಮುಂದ?" ಅಂದರು ವೈನಿ, ಹಲ್ಲು ಕಚ್ಚಿಕೊಂಡು. ಮಗ್ಗುಲು ಹೊರಳುತ್ತಿದ್ದರು.

ಮುಂದೆ ಏನೂ ಆಗಿರಲಿಲ್ಲ. ಗುಂಡಿ ಬಿಚ್ಚಿಕೊಂಡೇ ಅವನು ತಾಳಿ ಕಟ್ಟಿದ್ದ. ಆದರೆ ವೈನಿಯ ಒಳಗಿನಿಂದ ಆ ದನಿ ಏರುವುದು ಕೇಳಿತು. ನಾನು ಅದಕ್ಕಿಂತ ಒಂದಿಷ್ಟು ಮೇಲೆ ದನಿ ತೆಗೆದು, ಸೂಜಿ ದಾರ ಹಿಡಿದು ಮದುವೆ ಮಂಟಪಕ್ಕೆ ಓಡಿದೆ ಅಂತ ಹೇಳತೊಡಗಿದೆ.